ಹಳೇ ಮನೆ ಬೆಡ್‌ರೂಮ್ ನಾವೇ ಹೊಸದು ಮಾಡ್ಕೊಳ್ಳೋದು: ಇಂಜಿನಿಯರ್ ಮೇಡಂನ ಕೇಳಿ

ಅಡ್ಮಿನ್: ಹಳೇ ಕಟ್ಟಡಗಳ ದುರಸ್ತಿ ಮಾಡಿಸೋ ಸಿವಿಲ್ ಇಂಜಿನಿಯರ್ ಮೇಡಂ ಇವತ್ತು 4 ಗಂಟೆಯಿಂದ ಉತ್ತರ ಕೊಡ್ತಾರೆ. ಗೋಡೆ ಯಾವುದರದ್ದು, ಸೂರು ಯಾವ ಥರದ್ದು ಅಂತ ಬರೆದು ಕೇಳಿ. ಫಾರ್ವರ್ಡ್ ಹಾಕಬೇಡಿ.

ಹಾಸನದ ಸೊಸೆ: ನಮಸ್ತೆ ಮೇಡಂ. ಇಟ್ಟಿಗೆ ಗೋಡೆ, ಮಣ್ಣಿನ ಗಾರೆ. ಬೆಡ್‌ರೂಮಿನ ಹೊರಗೋಡೆಯ ಒಳಮೈಯಲ್ಲಿ ನೆಲದಿಂದ 3 ಅಡಿ ತನಕ ಬಣ್ಣ ಉಬ್ಬಿ ಬಿಳಿ ಪುಡಿ ಉದುರುತ್ತೆ. ಹೋದ ವರ್ಷ ಎರಡು ಕೋಟ್ ಪುಟ್ಟಿ ಹಾಕಿ ಬಣ್ಣ ಹೊಡೆಸಿದ್ವಿ. ಈಗ ಮೊದಲಿಗಿಂತ ಜಾಸ್ತಿ ಆಗಿದೆ.

ಇಂಜಿನಿಯರ್ ಮೇಡಂ: ನಮಸ್ತೆ. ನೆಲದ ತೇವ ಗೋಡೆಗೆ ಏರ್ತಿದೆ, ಆ ಪುಡಿ ಮಣ್ಣಿನ ಉಪ್ಪು. ಮೊದಲು ಹೊರಗೆ ಹೋಗಿ ನೋಡಿ. ಅಂಗಳಕ್ಕೆ ಮಣ್ಣು ಏರಿಸಿ ಏರಿಸಿ ಅದು ಒಳಗಿನ ನೆಲಕ್ಕಿಂತ ಎತ್ತರ ಆಗಿದೆಯಾ? ಬಚ್ಚಲ ನೀರಿನ ಮೋರಿ ಗೋಡೆ ಬುಡದಲ್ಲೇ ಇದೆಯಾ? ಇದ್ದರೆ ಮೊದಲು ಅದನ್ನ ಸರಿಮಾಡಿ. ಅದಾದ ಮೇಲೆ ಒಳಗೆ ತೇವದ ಗುರುತಿಗಿಂತ 1 ಅಡಿ ಮೇಲಿನ ತನಕ ಪ್ಲಾಸ್ಟರ್ ಕಿತ್ತು, ಇಟ್ಟಿಗೆ ಸಂದಿಯ ಸಡಿಲ ಗಾರೆ ಅರ್ಧ ಇಂಚು ಕೆರೆದು, ಒಣ ಬ್ರಷ್ಷಲ್ಲಿ ಉಜ್ಜಿ. ನೀರು ಹಾಕಿ ತೊಳೆದರೆ ಉಪ್ಪು ಕರಗಿ ವಾಪಸ್ ಗೋಡೆಯೊಳಗೇ ಹೋಗುತ್ತೆ. ಬೇಸಿಗೆಯಲ್ಲಿ ಎರಡು ತಿಂಗಳು ಹಾಗೇ ಬಿಡಿ. ಆಮೇಲೆ 1 ಪಾಲು ಸುಣ್ಣ, 3 ಪಾಲು ಮರಳಿನ ಗಾರೆ, ಒಂದೊಂದು ಸಲಕ್ಕೆ ಅರ್ಧ ಇಂಚಿಗಿಂತ ದಪ್ಪ ಬೇಡ. ಮೇಲೆ ಸುಣ್ಣದ ಬಣ್ಣ. ಮೊದಲ ವರ್ಷ ಉಪ್ಪು ಸ್ವಲ್ಪ ಬರುತ್ತೆ, ಗಾಬರಿ ಬೇಡ, ಗುಡಿಸಿ. ಮಂಚವನ್ನ ಆ ಗೋಡೆಗೆ ಒತ್ತಿ ಇಡಬೇಡಿ, ಗಾಳಿಗೆ ನಾಲ್ಕು ಬೆರಳು ಜಾಗ ಬಿಡಿ.

ಗೌರಿಬಿದನೂರು: ಮೇಡಂ ನಮ್ಮದೂ ಇದೇ ಸಮಸ್ಯೆ. ಒಳ್ಳೇ ಪುಟ್ಟಿ ಯಾವುದು?

ಇಂಜಿನಿಯರ್ ಮೇಡಂ: ತೇವದ ಗೋಡೆಗೆ ಯಾವ ಪುಟ್ಟಿಯೂ ಬೇಡ. ಮೇಲಿನ ಉತ್ತರ ಓದಿ.

ಬಸವನಗುಡಿ ಬಾಡಿಗೆದಾರ: ತೇಗದ ಬಾಗಿಲು, ಕಿಟಕಿ. ಐದಾರು ಕೋಟ್ ಹಳೇ ಎನಾಮಲ್ ಇದೆ. ಸ್ಯಾಂಡರ್ ಬಾಡಿಗೆಗೆ ತಂದು ಮರ ಬರೋ ತನಕ ಉಜ್ಜಿ ಪಾಲಿಶ್ ಮಾಡೋಣ ಅಂತ. ಯಾವ ನಂಬರ್ ಪೇಪರ್?

ಇಂಜಿನಿಯರ್ ಮೇಡಂ: ಸ್ಯಾಂಡರ್ ವಾಪಸ್ ಕೊಡಿ. ಮನೆಬಳಕೆ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿಗೆ 90 ಪಾಲು) ಮೀರಬಾರದು ಅನ್ನೋ ನಿಯಮ ನಮ್ಮಲ್ಲಿ ಜಾರಿಗೆ ಬಂದಿದ್ದು 2017ರ ನವೆಂಬರ್‌ನಲ್ಲಿ. ಅದಕ್ಕಿಂತ ಹಳೇ ಎನಾಮಲ್‌ನಲ್ಲಿ ಸೀಸ ಇದೆ ಅಂತಲೇ ಇಟ್ಟುಕೊಂಡು ಕೆಲಸ ಮಾಡಿ. ಒಣಗಿದ್ದನ್ನ ಉಜ್ಜಿದರೆ ಸೀಸದ ಧೂಳು ಹಾಸಿಗೆ, ಪರದೆ ಎಲ್ಲಾ ಕಡೆ ಕೂತ್ಕೊಳ್ಳುತ್ತೆ. ಬೆಂಕಿ ಹಿಡಿದು ಸುಡೋದೂ ಬೇಡ, ಅದು ಹೊಗೆಯಾಗಿ ಮೂಗಿಗೆ ಹೋಗುತ್ತೆ. ಬಾಗಿಲು, ಕಿಟಕಿಯ ರೆಕ್ಕೆ ಕಳಚಿ ಹೊರಗೆ ತನ್ನಿ, ಪೇಂಟ್ ರಿಮೂವರ್ ಹಚ್ಚಿ, ಮೆತ್ತಗಾದ ಮೇಲೆ ಒದ್ದೆಯಾಗಿರುವಾಗಲೇ ಕೆರೆಯಿರಿ. ಕೆಳಗೆ ಪ್ಲಾಸ್ಟಿಕ್ ಹಾಸಿ, ಸಿಪ್ಪೆಯನ್ನೆಲ್ಲ ಅದರಲ್ಲೇ ಸುತ್ತಿ ಕಟ್ಟಿ. ಬಣ್ಣ ಗಟ್ಟಿಯಾಗಿದ್ದರೆ ಕೀಳುವ ಗೋಜೇ ಬೇಡ, ಮೇಲೊಂದು ಕೋಟ್ ಹೊಡೆಯಿರಿ. ಮನೆಯಲ್ಲಿ ಮಕ್ಕಳು, ಬಸುರಿ ಹೆಂಗಸರು ಇದ್ದಾರಾ?

ಬಸವನಗುಡಿ ಬಾಡಿಗೆದಾರ: 2 ವರ್ಷದ ಮಗಳು.

ಇಂಜಿನಿಯರ್ ಮೇಡಂ: ಹಾಗಾದರೆ ಮೇಲೆ ಕೋಟ್ ಹೊಡೆಯೋದೇ ಸರಿ. ಒಣಗೋ ತನಕ ಮಗು ಆ ಕಡೆ ಬರೋದು ಬೇಡ.

ಒಂಟಿಕೊಪ್ಪಲು 1946: ಮೇಡಂ, ಮೈಸೂರು. ಮದ್ರಾಸ್ ತಾರಸಿ (ಮರದ ಜಂತೆ ಮೇಲೆ ಇಟ್ಟಿಗೆ, ಸುಣ್ಣದ ಗಚ್ಚು), ಕೋಣೆ 12x14 ಅಡಿ. ಜಂತೆಗಳ ಮಧ್ಯದಿಂದ ಪುಡಿ ಬೀಳುತ್ತೆ. ಅದನ್ನ ಮುಚ್ಚೋಕೆ ಜಿಪ್ಸಮ್ ಫಾಲ್ಸ್ ಸೀಲಿಂಗ್ ನಾನೇ ಹಾಕ್ತೀನಿ, ಫ್ರೇಮ್ ತಂದಾಗಿದೆ. ಜಂತೆಗೆ ಎಷ್ಟು ಇಂಚಿನ ಸ್ಕ್ರೂ ಹಾಕಲಿ?

ಇಂಜಿನಿಯರ್ ಮೇಡಂ: ಸ್ಕ್ರೂ ವಿಷಯ ಆಮೇಲೆ. ಪುಡಿ ಬಿಳಿನಾ, ಕಂದುನಾ? ಕೋಣೆ ಮಧ್ಯ ಬೀಳುತ್ತಾ, ಗೋಡೆ ಪಕ್ಕನಾ? ಮೇಲೆ ತಾರಸಿಯಲ್ಲಿ ಏನೇನಿದೆ?

ನಂಜನಗೂಡು ಅಣ್ಣ: ಫಾರ್ವರ್ಡ್: ಮರಕ್ಕೆ ಹುಳ ಹಿಡಿದರೆ ಸೀಮೆಎಣ್ಣೆ + ಹಳೇ ಇಂಜಿನ್ ಆಯಿಲ್ + ಕರ್ಪೂರ, 3 ದಿನ ಹಚ್ಚಿ. ಗೆದ್ದಲು ವಂಶ ನಿರ್ವಂಶ!! 🙏

ಇಂಜಿನಿಯರ್ ಮೇಡಂ: ಮಲಗೋ ತಲೆ ಮೇಲೆ ಸೀಮೆಎಣ್ಣೆ ನೆನೆಸಿದ ಮರ, ಅದರ ಪಕ್ಕದಲ್ಲೇ ಹಳೇ ವೈರ್. ಬೆಂಕಿ ಬಿದ್ದರೆ ಮನೆಯವರದ್ದೇ ವಂಶ ನಿರ್ವಂಶ. ಗೆದ್ದಲಿನ ಗೂಡು ನೆಲದಲ್ಲಿರುತ್ತೆ, ಜಂತೆಗೆ ಎಣ್ಣೆ ಬಳಿದರೆ ಅದಕ್ಕೇನೂ ಆಗಲ್ಲ. ದಯವಿಟ್ಟು ಡಿಲೀಟ್ ಮಾಡಿ.

ಪ್ಯಾನಲ್ ಹೌಸ್: ಹಾಸನದ ಮೇಡಂಗೆ: ಎರಡು ತಿಂಗಳು ಯಾಕೆ ಕಾಯ್ತೀರಾ? ಪಿವಿಸಿ ಪ್ಯಾನಲ್ ಹಾಕಿಸಿ, ಎರಡು ಗಂಟೆ ಕೆಲಸ, ತೇವ ಕಾಣೋದೇ ಇಲ್ಲ. ಇನ್‌ಬಾಕ್ಸ್‌ಗೆ ಬನ್ನಿ.

ಸುಣ್ಣದ ಗೂಡು: ಕಾಣಲ್ಲ ಅಷ್ಟೇ ಸ್ವಾಮಿ, ಹೋಗಲ್ಲ. ಮುಚ್ಚಿದ ಗೋಡೆಯಲ್ಲಿ ನೀರು ಹೊರಬರೋ ದಾರಿ ಸಿಗದೆ ಇನ್ನೂ ಮೇಲೆ ಏರುತ್ತೆ. 3 ಅಡಿ ಇದ್ದದ್ದು 5 ಅಡಿ ಆಗುತ್ತೆ. ಹಿಂದೆ ಬೂಷ್ಟು, ಜಿರಲೆ.

ಪ್ಯಾನಲ್ ಹೌಸ್: ಹಿಂದೆ ಗಾಳಿಗೆ ಬ್ಯಾಟನ್ (ಪಟ್ಟಿ) ಕೊಡ್ತೀವಿ ಸರ್. ತಿಳ್ಕೊಂಡು ಮಾತಾಡಿ.

ಸುಣ್ಣದ ಗೂಡು: ಕೆಳಗೆ ಸ್ಕರ್ಟಿಂಗ್, ಮೇಲೆ ಬೀಡಿಂಗ್ ಹಾಕಿ ಸೀಲ್ ಮಾಡ್ತೀರಲ್ಲ, ಆ ಗಾಳಿ ಯಾವ ಕಡೆಯಿಂದ ಓಡಾಡುತ್ತೆ?

ಪ್ಯಾನಲ್ ಹೌಸ್: ನಿಮ್ಮ ಸುಣ್ಣದ ಮೇಸ್ತ್ರಿ ಸಿಕ್ಕಿ, ಗಾರೆ ಕಲಸಿ, ಒಣಗೋ ಅಷ್ಟರಲ್ಲಿ ಮಗಳ ಮದುವೆ ಆಗಿ ಮೊಮ್ಮಗು ಬಂದಿರುತ್ತೆ.

ತೀರ್ಥಹಳ್ಳಿ ಹಂಚು: ನಮ್ಮದು ಹಂಚಿನ ಮಾಡು, ಬೇಸಿಗೆಯಲ್ಲಿ ಮಲಗೋಕಾಗಲ್ಲ. ರೀಪಿನ ಕೆಳಗೆ ಥರ್ಮಾಕೋಲ್ ಹೊಡೆದರೆ ಹೇಗೆ?

ಇಂಜಿನಿಯರ್ ಮೇಡಂ: ಬೇಡ. ಬೆಂಕಿಗೆ ಬೇಗ ಹತ್ತುತ್ತೆ, ಇಲಿ ಗೂಡು ಮಾಡುತ್ತೆ, ಹಂಚು ಸೋರಿದ್ದೂ ಗೊತ್ತಾಗಲ್ಲ. ಮರದ ಮುಚ್ಚಿಗೆ ಹಾಕಿಸಿ. ಮುಚ್ಚಿಗೆಗೂ ಹಂಚಿಗೂ ನಡುವೆ ಎರಡೂ ತುದಿಯಲ್ಲಿ ಜಾಲರಿ ಬಿಟ್ಟು ಬಿಸಿಗಾಳಿ ಹೊರಗೆ ಹೋಗೋ ಹಾಗೆ ಮಾಡಿ.

ವಾಸ್ತು ಮಿತ್ರ: ಇಷ್ಟೆಲ್ಲ ಖರ್ಚು ಮಾಡೋ ಮೊದಲು ಮಂಚದ ತಲೆ ಯಾವ ದಿಕ್ಕಿಗಿದೆ ಅಂತ ಯಾರೂ ಹೇಳಲಿಲ್ಲ. ಉತ್ತರಕ್ಕೆ ತಲೆ ಹಾಕಿದರೆ ಬಣ್ಣ ಯಾವುದಾದರೇನು?

ಸುಣ್ಣದ ಗೂಡು: ನೀವೊಬ್ಬರು ಬಾಕಿ ಇದ್ರಿ.

ಒಂಟಿಕೊಪ್ಪಲು 1946: ಮೇಡಂ, ಪುಡಿ ಎರಡೂ ಥರ. ಮಧ್ಯದಲ್ಲಿ ಬಿಳಿ. ಬಚ್ಚಲುಮನೆ ಗೋಡೆ ಪಕ್ಕ ಕಂದು, ಹಿಟ್ಟಿನ ಥರ. ಆ ಗೋಡೆ ಮೇಲೇ ತಾರಸಿ ನೀರಿನ ಕೊಳವೆ ಇಳಿಯುತ್ತೆ. ತಾರಸಿಯಲ್ಲಿ 14 ಹೂಕುಂಡ, ಒಂದು ತುಳಸಿ ಕಟ್ಟೆ. ಹತ್ತು ವರ್ಷದ ಹಿಂದೆ ಸೋರುತ್ತೆ ಅಂತ ಮೇಲೆ 2 ಇಂಚು ಸಿಮೆಂಟ್ ಕಾಂಕ್ರೀಟ್ ಹಾಕಿಸಿದ್ರು.

ಇಂಜಿನಿಯರ್ ಮೇಡಂ: ಬಿಳಿ ಪುಡಿ ಸುಣ್ಣ, ಅದು ಅಂಥ ಚಿಂತೆ ಅಲ್ಲ. ಕಂದು ಪುಡಿ ಮರದ್ದು. ಏಣಿ ಹಾಕಿ, ಬಚ್ಚಲ ಗೋಡೆಗೆ ಸೇರೋ ಕಡೆ ಒಂದೊಂದೇ ಜಂತೆಯ ತುದಿಗೆ ಸ್ಕ್ರೂಡ್ರೈವರ್ ಒತ್ತಿ. ಗಟ್ಟಿ ಮರದಲ್ಲಿ ಮೊನೆ ನಿಲ್ಲುತ್ತೆ. ಎಷ್ಟು ಒಳಗೆ ಹೋಯ್ತು ಅಂತ ಈಗಲೇ ಬರೆಯಿರಿ.

ಮಂಡ್ಯ ಟೀಚರ್: ಮೇಡಂ ರೆಡ್ ಆಕ್ಸೈಡ್ ನೆಲ ಮಂಕಾಗಿದೆ, ಟಾಯ್ಲೆಟ್ ಆಸಿಡ್ ಹಾಕಿ ಉಜ್ಜಬಹುದಾ? ಯೂಟ್ಯೂಬಲ್ಲಿ ಆಸಿಡ್ ಜೊತೆ ಬ್ಲೀಚಿಂಗ್ ಪೌಡರ್ ಕಲಸಿದ್ರು, ತುಂಬಾ ಹೊಳೀತಿತ್ತು.

ಇಂಜಿನಿಯರ್ ಮೇಡಂ: ಖಂಡಿತ ಬೇಡ. ಎರಡನ್ನ ಕಲಸಿದರೆ ಕ್ಲೋರಿನ್ ಅನಿಲ ಬರುತ್ತೆ, ಮುಚ್ಚಿದ ಕೋಣೆಯಲ್ಲಿ ಪ್ರಾಣ ಹೋಗಬಹುದು. ಬರೀ ಆಸಿಡ್ ಕೂಡ ಸಿಮೆಂಟನ್ನ ತಿಂದು ನೆಲವನ್ನ ತರಿತರಿ ಮಾಡುತ್ತೆ. ಸೋಪಿನ ನೀರಲ್ಲಿ ಒರೆಸಿ, ಪೂರಾ ಒಣಗಿಸಿ, ನೆಲದ ಮೇಣ ತೆಳ್ಳಗೆ ಹಚ್ಚಿ ಬಟ್ಟೆಯಲ್ಲಿ ತಿಕ್ಕಿ.

ಚಿಕ್ಕಮಗಳೂರು: ಹಳೇ ಕಿಟಕಿ ಸರಳಿಗೆ ಸೊಳ್ಳೆ ಜಾಲರಿ ಕೂರಿಸೋದು ಹೇಗೆ?

ಗೌರಿಬಿದನೂರು: ಮೇಡಂ, ಪುಟ್ಟಿ ಬೇಡ ಅಂದ್ರೆ ಬಿಳಿ ಸಿಮೆಂಟ್ ಹಾಕಬಹುದಾ?

ಇಂಜಿನಿಯರ್ ಮೇಡಂ: ಪುಟ್ಟಿಯಲ್ಲಿ ಇರೋದೇ ಅದು. ಇಲ್ಲ.

ಒಂಟಿಕೊಪ್ಪಲು 1946: ಜಂತೆ ಒಟ್ಟು 9, ಒಂದೂವರೆ ಅಡಿಗೊಂದು. 3ನೇದು, 4ನೇದು: ಸ್ಕ್ರೂಡ್ರೈವರ್ 2 ಇಂಚು ಬೆಣ್ಣೆಗೆ ಹೋದ ಹಾಗೆ ಹೋಯ್ತು. 5ನೇದು ಅರ್ಧ ಇಂಚು. 4ನೇದರ ಮೇಲೆ ಇಟ್ಟಿಗೆಗೂ ಮರಕ್ಕೂ ನಡುವೆ ಬೆರಳು ತೂರುತ್ತೆ.

ಇಂಜಿನಿಯರ್ ಮೇಡಂ: ಇವತ್ತು ರಾತ್ರಿ ಆ ಕೋಣೆಯಲ್ಲಿ ಯಾರೂ ಮಲಗಬೇಡಿ. ಫ್ಯಾನ್ ಹಾಕಬೇಡಿ. ಮೇಲೆ ಯಾರೂ ಓಡಾಡೋದು ಬೇಡ. ಜಂತೆ, ಅದರ ಮೇಲೆ ಓರೆಯಾಗಿ ನಿಲ್ಲಿಸಿದ ಇಟ್ಟಿಗೆ, ಸುಣ್ಣದ ಗಚ್ಚು, ಚಪ್ಪಟೆ ಹಂಚು ಎಲ್ಲಾ ಸೇರಿ ಈ ತಾರಸಿ ಚದರಡಿಗೆ ಸುಮಾರು 35 ಕೆಜಿ ತೂಗುತ್ತೆ. ನಿಮ್ಮ ಕೋಣೆ ಮೇಲೆ 6 ಟನ್ ಹತ್ತಿರ. ಅದರ ಮೇಲೆ 2 ಇಂಚು ಕಾಂಕ್ರೀಟ್ ಬೇರೆ. ಫಾಲ್ಸ್ ಸೀಲಿಂಗ್ ತೂಕ ಹೆಚ್ಚೆಂದರೆ 200 ಕೆಜಿ, ತೊಂದರೆ ತೂಕದ್ದಲ್ಲ. ಅದು ಮುಚ್ಚಿದ ಮೇಲೆ ಜಂತೆ ಕೊಳೆತು ಜಾರೋದು ನಿಮಗೆ ಕಾಣಲ್ಲ. ಈಗ ಉದುರ್ತಿರೋ ಪುಡಿಯೇ ನಿಮಗೆ ಸಿಕ್ಕಿರೋ ಎಚ್ಚರಿಕೆ.

ನಾಳೆ ಬೆಳಿಗ್ಗೆ ಸೆಂಟ್ರಿಂಗ್ ಸಾಮಾನು ಬಾಡಿಗೆ ಕೊಡೋರ ಹತ್ರ 3 ಕಬ್ಬಿಣದ ಜಾಕಿ (ಸೂರಿಗೆ ಆಸರೆ ಕೊಡೋ ಕಂಬ), 4x4 ಇಂಚಿನ 8 ಅಡಿ ಮರ ತನ್ನಿ. ಕೆಲಸ ಗೊತ್ತಿರೋ ಮೇಸ್ತ್ರಿ ಜೊತೆಯಲ್ಲಿರಲಿ. ಬಚ್ಚಲ ಗೋಡೆಯಿಂದ ಒಂದೂವರೆ ಅಡಿ ಬಿಟ್ಟು, 1ರಿಂದ 6ನೇ ಜಂತೆ ತನಕ ಅಡ್ಡಲಾಗಿ ಆ ಮರ ಕೊಟ್ಟು, ಕೆಳಗೆ ಜಾಕಿ ನಿಲ್ಲಿಸಿ. ಜಾಕಿ ಬುಡಕ್ಕೆ ಒಂದೂವರೆ ಇಂಚು ದಪ್ಪದ ಹಲಗೆ, ಇಲ್ಲದಿದ್ದರೆ ನೆಲ ಒಡೆಯುತ್ತೆ. ಮರ ಜಂತೆಗೆ ತಾಗಿ ಬಿಗಿಯಾದರೆ ಸಾಕು. ಎತ್ತೋಕೆ ಹೋಗಬೇಡಿ, ಎತ್ತಿದರೆ ಗಚ್ಚು ಬಿರುಕು ಬಿಟ್ಟು ಇಟ್ಟಿಗೆ ಕಳಚುತ್ತೆ.

ಮೂಲ ಆ ಕೊಳವೆ ಬಾಯಿ. ಸಿಮೆಂಟ್ ಪದರದ ಕೆಳಗೆ ನುಗ್ಗಿದ ನೀರು ಆರೋಕೆ ಜಾಗ ಇಲ್ಲದೆ ಜಂತೆ ತುದಿಗೆ ಇಳಿದಿದೆ. ಸೋರಿಕೆ ನೋಡೋಕೆ ಅಂತ ಯಾರಾದರೂ ತಾರಸಿಯಲ್ಲಿ ನೀರು ನಿಲ್ಲಿಸೋಣ ಅಂದರೆ ಒಪ್ಪಬೇಡಿ, 2 ಇಂಚು ನೀರು ಅಂದರೆ ಮುಕ್ಕಾಲು ಟನ್ ಮೇಲೆ. ಜಂತೆ ರಿಪೇರಿ ನೀವೇ ಮಾಡೋ ಕೆಲಸ ಅಲ್ಲ. ಕೊಳೆತ ತುದಿ ಕತ್ತರಿಸಿ, ಎರಡೂ ಪಕ್ಕ ಕಬ್ಬಿಣದ ಚಾನಲ್ (ಸಿ ಆಕಾರದ ತೊಲೆ) ಕೊಟ್ಟು ಬೋಲ್ಟ್ ಹಾಕಿ, ಗೋಡೆಯೊಳಗೆ ಕಲ್ಲಿನ ದಿಂಡಿನ ಮೇಲೆ ಕೂರಿಸಬೇಕು. ಮರದ ತುದಿ ಸುತ್ತ ಗಾಳಿಗೆ ಸಂದಿ ಬಿಡಬೇಕು, ಸಿಮೆಂಟಲ್ಲಿ ಮೆತ್ತಬಾರದು. ಚಾನಲ್ ಅಳತೆ ಜಾಗ ನೋಡಿಯೇ ಹೇಳಬೇಕು, ಫೋಟೋದಲ್ಲಿ ಆಗಲ್ಲ.

ನಂಜನಗೂಡು ಅಣ್ಣ: ನನ್ನ ಮೆಸೇಜ್ ಡಿಲೀಟ್ ಮಾಡಿಸಿದ್ರಿ. ನಮ್ಮ ತಾತನ ಕಾಲದಲ್ಲಿ ಇಂಜಿನಿಯರ್ ಇದ್ರಾ? ಮನೆ ನಿಂತಿಲ್ವಾ?

ಸುಣ್ಣದ ಗೂಡು: ನಿಂತಿರೋದು ಮಾತ್ರ ನಿಮಗೆ ಕಾಣುತ್ತೆ ಅಣ್ಣ. ಬಿದ್ದಿದ್ದು ಸೈಟ್ ಆಗಿದೆ.

ಪ್ಯಾನಲ್ ಹೌಸ್: ಇಲ್ಲಿ ಸುಣ್ಣದವರು ಮಾತ್ರ ಮಾತಾಡಬೇಕು ಅನ್ಸುತ್ತೆ.

ವಾಸ್ತು ಮಿತ್ರ: ಬಚ್ಚಲು ಯಾವ ಮೂಲೆಗಿದೆ ಅಂತ ಕೇಳಿದ್ರೆ ಕಾರಣ ಆಗಲೇ ಗೊತ್ತಾಗ್ತಿತ್ತು.

ಅಡ್ಮಿನ್: ಪ್ರಶ್ನೆ ಇದ್ರೆ ಮಾತ್ರ ಬರೆಯಿರಿ, ಇಲ್ಲಾಂದ್ರೆ ಮ್ಯೂಟ್ ಮಾಡ್ತೀನಿ.

ಗೌರಿಬಿದನೂರು: ಮೇಡಂ, ವಾಟರ್‌ಪ್ರೂಫ್ ಪುಟ್ಟಿ ಅಂತ ಬಂದಿದೆಯಲ್ಲ, ಅದು?

ಚಿಕ್ಕಮಗಳೂರು: ಜಾಲರಿ ಬಗ್ಗೆ ಕೇಳಿದ್ದೆ.

ಇಂಜಿನಿಯರ್ ಮೇಡಂ: ಒಂಟಿಕೊಪ್ಪಲು, ಕುಂಡ ಏನಾಯ್ತು?

ಒಂಟಿಕೊಪ್ಪಲು 1946: ಅಮ್ಮ, ನಾನು ಗೋಡೆ ಅಂಚಿಗೆ ಸರಿಸಿಟ್ವಿ. ತುಳಸಿ ಕಟ್ಟೆ ಇಟ್ಟಿಗೆದು, ನಾಳೆ ಒಡೆಸ್ತೀನಿ.

ಇಂಜಿನಿಯರ್ ಮೇಡಂ: ಮೇಲೆ ಹೋಗಬೇಡಿ ಅಂದಿದ್ದೆ. ಯಾವ ಗೋಡೆ ಅಂಚಿಗೆ? ಬಚ್ಚಲ ಕಡೆಗಾದರೆ ಕೊಳೆತ ತುದಿ ಮೇಲೇ ಇಟ್ಟಿದ್ದೀರಿ. ಜಾಕಿ ನಿಲ್ಲಿಸಿದ ಮೇಲೆ ಒಬ್ಬರೇ ಹೋಗಿ ಒಂದೊಂದಾಗಿ ಕೆಳಗೆ ತನ್ನಿ. ಕಟ್ಟೆಗೆ ಸುತ್ತಿಗೆ ಏಟು ಬೀಳಬಾರದು. ಗಿಡವನ್ನ ಮಣ್ಣು ಸಮೇತ ಎತ್ತಿ ಅಂಗಳದಲ್ಲಿ ನೆಡಿ, ಕಟ್ಟೆಯ ಇಟ್ಟಿಗೆ ಉಳಿಯಲ್ಲಿ ಮೇಲಿನಿಂದ ಒಂದೊಂದೇ ಬಿಡಿಸಿ.

ಒಂಟಿಕೊಪ್ಪಲು 1946: ಬಚ್ಚಲ ಕಡೆಗೇ ಮೇಡಂ.

ಇಂಜಿನಿಯರ್ ಮೇಡಂ: ಕೋಣೆಗೆ ಬೀಗ ಹಾಕಿ. ಬಚ್ಚಲೂ ಬಳಸಬೇಡಿ. ನಂಬರ್ ಕಳಿಸಿ, ಫೋನ್ ಮಾಡ್ತೀನಿ.