ಪುಟ್ಟ ಮಕ್ಕಳನ್ನು ಕಟ್ಟಿಕೊಂಡು ಯೆಲ್ಲೋಸ್ಟೋನ್‌ಗೆ ಆರ್‌ವಿ: ಹೋಗಿ ಬಂದವರು ಹೇಳಿ

ಕೇಳಿದವರು: ಜುಲೈನಲ್ಲಿ ಸಾಲ್ಟ್ ಲೇಕ್ ಸಿಟಿಯಿಂದ ಯೆಲ್ಲೋಸ್ಟೋನ್ ನ್ಯಾಷನಲ್ ಪಾರ್ಕ್‌ಗೆ ಬಾಡಿಗೆ ಆರ್‌ವಿಯಲ್ಲಿ (ಹಾಸಿಗೆ, ಅಡುಗೆಮನೆ ಎಲ್ಲಾ ಇರುವ ಮನೆಗಾಡಿ) ಹೋಗುವ ಯೋಚನೆ ಇದೆ. ಮಗನಿಗೆ 5, ಮಗಳಿಗೆ 2. ಏಳು ರಾತ್ರಿ. 25 ಅಡಿಯ ಕ್ಲಾಸ್ ಸಿ (ಮಧ್ಯಮ ಗಾತ್ರದ ಆರ್‌ವಿ) ಸಾಕಾಗುತ್ತದಾ? ಅನುಭವ ಇದ್ದವರು ದಯವಿಟ್ಟು ಹೇಳಿ.

ಅವಳಿ ಮಕ್ಕಳ ಅಪ್ಪ: ನಾವು ಎರಡು ವರ್ಷದ ಹಿಂದೆ ಹೋಗಿದ್ದೆವು. ಲೆಕ್ಕ ಇವತ್ತಿಗೂ ಬಾಯಿಪಾಠ. ರಾತ್ರಿಗೆ 210 ಡಾಲರ್, ಏಳು ರಾತ್ರಿಗೆ 1,470. ಇಷ್ಟೇ ಅಂದುಕೊಂಡು ಬುಕ್ ಮಾಡಿದ್ದೆ. ಆಮೇಲೆ ನೋಡಿದರೆ ಮೈಲಿಗೆ 45 ಸೆಂಟ್ ಬೇರೆ. 1,020 ಮೈಲಿ ಓಡಿತು, 459 ಡಾಲರ್. ಗ್ಯಾಲನ್‌ಗೆ ಎಂಟೂವರೆ ಮೈಲಿ ಕೊಟ್ಟಿತು, ಪೆಟ್ರೋಲ್‌ಗೆ 468. ಜನರೇಟರ್ ಗಂಟೆಗೆ 4 ಡಾಲರ್‌ನಂತೆ 44. ಪಾತ್ರೆ, ಹಾಸಿಗೆ, ಹೊದಿಕೆಗೆ 280. ಕ್ಯಾಂಪ್‌ಸೈಟ್ ಆರು ರಾತ್ರಿಗೆ 540, ಏಳನೆಯ ರಾತ್ರಿ ಪಾರ್ಕಿಂಗ್ ಲಾಟ್‌ನಲ್ಲಿ ಕಳೆದೆವು. ಒಟ್ಟು 3,261, ಟ್ಯಾಕ್ಸ್ ಬಿಟ್ಟು. ಕೊನೆಯ ದಿನ ಗಾಳಿಗೆ ಆನಿಂಗ್ (ಗಾಡಿಯ ಪಕ್ಕ ಬಿಚ್ಚುವ ನೆರಳಿನ ಚಪ್ಪರ) ಬಗ್ಗಿತು. ಮಡಚಿಡದೆ ಊಟಕ್ಕೆ ಕೂತಿದ್ದು ನನ್ನದೇ ತಪ್ಪು. ಡೆಪಾಸಿಟ್‌ನಲ್ಲಿ 900 ಹಿಡಿದುಕೊಂಡರು.

ದುಡ್ಡು ಹೋಗಲಿ, ಚಳಿ ಮಾತ್ರ ಮರೆಯಲಾರೆ. ಯೆಲ್ಲೋಸ್ಟೋನ್ ಕೆರೆಯ ಹತ್ತಿರದ ಬ್ರಿಡ್ಜ್ ಬೇ ಕ್ಯಾಂಪ್‌ನಲ್ಲಿ ಹುಕ್‌ಅಪ್ (ಗಾಡಿಗೆ ಸಿಕ್ಕಿಸುವ ಕರೆಂಟ್, ನೀರು, ಕೊಳಚೆ ಪೈಪ್) ಇಲ್ಲ. ರಾತ್ರಿ 8ರ ಮೇಲೆ ಜನರೇಟರ್ ಹಾಕುವ ಹಾಗಿಲ್ಲ. ಆ ಕೆರೆ ಇರುವುದು 7,700 ಅಡಿಗಿಂತ ಎತ್ತರದಲ್ಲಿ, ಜುಲೈನಲ್ಲೂ ರಾತ್ರಿ ನಡುಗಿಸುತ್ತದೆ. ಹೀಟರ್ ಉರಿಯುವುದು ಪ್ರೊಪೇನ್‌ನಲ್ಲಿ, ಆದರೆ ಅದರ ಫ್ಯಾನ್ ತಿರುಗುವುದು ಬ್ಯಾಟರಿಯಲ್ಲಿ. ಮೂರು ಗಂಟೆಗೆ ಬ್ಯಾಟರಿ ಸತ್ತಿತು. ಅಲಾರಂ ಕೀ ಕೀ ಅನ್ನಲು ಶುರು. ಮಕ್ಕಳಿಬ್ಬರನ್ನೂ ಜಾಕೆಟ್ ಸಮೇತ ನಮ್ಮ ಮಧ್ಯೆ ಮಲಗಿಸಿಕೊಂಡೆವು. ಬೆಳಗಾದಾಗ ಕಿಟಕಿಯ ಆಚೆ ಒಂದು ಬೈಸನ್ ಉಸಿರಲ್ಲಿ ಹಬೆ ಬಿಡುತ್ತಾ ನಿಂತಿತ್ತು. ಮಕ್ಕಳು ಈಗಲೂ ಅದನ್ನೇ ಚಿತ್ರ ಬರೆಯುತ್ತಾರೆ. ಹೋಗಿದ್ದು ಸರಿ ಅಂತಲೇ ನನ್ನ ಮಾತು.

ಮಿನಿವ್ಯಾನ್ ಅಮ್ಮ: ನಾವು ಬಾಡಿಗೆಗೆ ಹಿಡಿದು, ಗಾಡಿ ತೆಗೆದುಕೊಳ್ಳುವ ದಿನವೇ ಬಿಟ್ಟು ಬಂದೆವು. ಡೈನೆಟ್‌ನಲ್ಲಿ (ಊಟದ ಮೇಜಿನ ಜಾಗ) ಮುಂದಕ್ಕೆ ಮುಖ ಮಾಡಿದ ಸೀಟು ಎರಡೇ. ಅವಕ್ಕೆ ಸೊಂಟದ ಬೆಲ್ಟ್ ಮಾತ್ರ. ಮಗಳು ಬೂಸ್ಟರ್‌ನಲ್ಲಿ (ಮಗುವನ್ನು ಎತ್ತರಿಸಿ ಕೂರಿಸುವ ಸೀಟು) ಕೂರುತ್ತಾಳೆ, ಬೂಸ್ಟರ್‌ಗೆ ಭುಜದ ಬೆಲ್ಟ್ ಬೇಕೇ ಬೇಕು. ಮಗನ ಕಾರ್ ಸೀಟಿನ ಟೆದರ್ (ಸೀಟಿನ ಮೇಲ್ಭಾಗ ಹಿಡಿದಿಡುವ ಪಟ್ಟಿ) ಸಿಕ್ಕಿಸಲು ಕೊಂಡಿಯೇ ಇಲ್ಲ. ಪಕ್ಕಕ್ಕೆ ಮುಖ ಮಾಡಿದ ಸೋಫಾದ ಮೇಲೆ ಕಾರ್ ಸೀಟ್ ಕಟ್ಟುವ ಹಾಗೇ ಇಲ್ಲ. ಬಾಡಿಗೆಯವರು "ಎಲ್ಲರೂ ಹೀಗೇ ಹೋಗುತ್ತಾರೆ" ಅಂದರು. 600 ಡಾಲರ್ ಅಡ್ವಾನ್ಸ್ ಹೋಯಿತು. ನಮ್ಮವರು ಮೂರು ತಿಂಗಳು ಅದನ್ನೇ ಹೇಳಿ ತೋರಿಸಿದರು. ನನಗೆ ಒಂದು ಚೂರೂ ಬೇಜಾರಿಲ್ಲ. ಮಿನಿವ್ಯಾನ್ ಹಿಡಿದು ಕ್ಯಾಬಿನ್‌ಗಳಲ್ಲಿ ಉಳಿದೆವು, ಮಕ್ಕಳು ಬೆಚ್ಚಗೆ ಮಲಗಿದರು.

ಅವಳಿ ಮಕ್ಕಳ ಅಪ್ಪ: ನಮ್ಮ ಮಕ್ಕಳೂ ದಾರಿಯುದ್ದಕ್ಕೂ ಬೆಲ್ಟ್ ಹಾಕಿಯೇ ಕೂತಿದ್ದರು. ನೀರು ಕೊಡಲು ಹೆಂಡತಿ ಒಂದೆರಡು ಸಲ ಎದ್ದಿರಬಹುದು, ಅಷ್ಟೇ.

ಮಿನಿವ್ಯಾನ್ ಅಮ್ಮ: ಓಡುತ್ತಿರುವ ಗಾಡಿಯಲ್ಲಿ ಎದ್ದರಾ? ಒಂದು ಜೋರು ಬ್ರೇಕ್ ಬಿದ್ದರೆ ಡ್ರಾಯರ್, ಪಾತ್ರೆ ಎಲ್ಲಾ ಹಾರಿ ಬರುತ್ತದೆ. "ಅಷ್ಟೇ" ಅಂತ ಬರೆಯಬೇಡಿ. ಇದನ್ನು ಓದಿ ಇನ್ನೊಬ್ಬರೂ ಹಾಗೇ ಮಾಡುತ್ತಾರೆ.

ಟ್ರೇಲರ್ ನಮ್ಮದು: ಇದಕ್ಕೇ ನಾವು ಟ್ರೇಲರ್ ಕೊಂಡಿದ್ದು. ಮಕ್ಕಳು ಟ್ರಕ್‌ನಲ್ಲಿ, ತಮ್ಮ ಸೀಟಿನಲ್ಲಿ, ಟೆದರ್ ಸಮೇತ. ಮನೆ ಹಿಂದೆ ಬರುತ್ತದೆ. ಸುಮ್ನೆ ಬರುವುದಿಲ್ಲ ನಿಜ. ಸ್ಟೋರೇಜ್ ತಿಂಗಳಿಗೆ 95, ಅಂದರೆ ಹೋದರೂ ಹೋಗದಿದ್ದರೂ ವರ್ಷಕ್ಕೆ 1,140. ಮೊದಲ ಚಳಿಗಾಲದಲ್ಲಿ ಪೈಪಿನ ನೀರು ಪೂರ್ತಿ ತೆಗೆಯಲಿಲ್ಲ. ಹೆಪ್ಪುಗಟ್ಟಿ ಪೈಪ್ ಒಡೆದು, ನೆಲ ಉಬ್ಬಿ, ರಿಪೇರಿಗೆ 1,850. ಇಡಾಹೋದಲ್ಲಿ ಒಂದೇ ಮಧ್ಯಾಹ್ನ ಎರಡು ಟಯರ್ ಹೋದವು. ಸ್ಪೇರ್ ಇದ್ದಿದ್ದು ಒಂದೇ. ಆದರೂ ನಾಲ್ಕು ವರ್ಷದಲ್ಲಿ 61 ರಾತ್ರಿ ನಮ್ಮದೇ ಹಾಸಿಗೆಯಲ್ಲಿ ಮಲಗಿದ್ದೇವೆ.

ಚಳಿಯ ವಿಷಯ ಬರೆದವರಿಗೆ: ಫಿಶಿಂಗ್ ಬ್ರಿಡ್ಜ್‌ನಲ್ಲಿ ಉಳಿಯಬೇಕಿತ್ತು. ಪಾರ್ಕ್ ಒಳಗೆ ನೀರು, ಕರೆಂಟ್, ಸ್ಯೂಯರ್ ಮೂರೂ ಸಿಗುವ ಕ್ಯಾಂಪ್ ಅದೊಂದೇ. ಕರಡಿ ಓಡಾಡುವ ಜಾಗ, ಹಾಗಾಗಿ ಟೆಂಟ್ ಬಿಡುವುದಿಲ್ಲ, ಗಟ್ಟಿ ಗೋಡೆಯ ಗಾಡಿಗಳು ಮಾತ್ರ.

ಅವಳಿ ಮಕ್ಕಳ ಅಪ್ಪ: ಗೊತ್ತು ಸರ್, ಎರಡು ರಾತ್ರಿ ಅಲ್ಲೂ ಇದ್ದೆವು. ಕೊಳಚೆ ಹೋಸ್ ಸಿಕ್ಕಿಸಿ ಎರಡೂ ಟ್ಯಾಂಕಿನ ವಾಲ್ವ್ ತೆರೆದಿಟ್ಟೆ. ಆದರೂ ಹೊರಡುವ ದಿನ ಬ್ಲ್ಯಾಕ್ ಟ್ಯಾಂಕ್ (ಟಾಯ್ಲೆಟ್‌ನದು) ಕಟ್ಟಿಕೊಂಡಿತ್ತು. ಒಂದೂವರೆ ಗಂಟೆ ಅದರ ಜೊತೆ ಗುದ್ದಾಡಿದೆ, ಹಿಂದೆ ನಾಲ್ಕು ಗಾಡಿ ಸಾಲಲ್ಲಿ ಕಾಯುತ್ತಿದ್ದವು.

ಟ್ರೇಲರ್ ನಮ್ಮದು: ಬ್ಲ್ಯಾಕ್ ವಾಲ್ವ್ ತೆರೆದಿಟ್ಟರೆ ನೀರೆಲ್ಲಾ ಹರಿದು ಗಟ್ಟಿ ಮಾತ್ರ ಉಳಿಯುತ್ತದೆ. ಮುಚ್ಚಿಟ್ಟು, ತುಂಬಿದ ಮೇಲೆ ಬಿಡಬೇಕು. ಬ್ಲ್ಯಾಕ್ ಮೊದಲು, ಗ್ರೇ (ಸಿಂಕ್, ಸ್ನಾನದ ನೀರಿನ ಟ್ಯಾಂಕ್) ಆಮೇಲೆ, ಆಗ ಸೋಪಿನ ನೀರಿಗೆ ಹೋಸ್ ತೊಳೆದುಹೋಗುತ್ತದೆ. ಇಷ್ಟೂ ತಿಳಿಯದೆ ಗಾಡಿ ಹಿಡಿಯುತ್ತಾರಾ?

ಅವಳಿ ಮಕ್ಕಳ ಅಪ್ಪ: ಬಾಡಿಗೆಯವರು ಹತ್ತು ನಿಮಿಷ ತೋರಿಸಿ ಕಳಿಸಿದರು. ಮಕ್ಕಳು ವೈಪ್ಸ್ ಹಾಕಿದ್ದರು, ಕಟ್ಟಿಕೊಂಡಿದ್ದು ಅದಕ್ಕೆ. ಎಲ್ಲರೂ ನಾಲ್ಕು ವರ್ಷ ಅಭ್ಯಾಸ ಮಾಡಿ ಹೊರಡುವುದಿಲ್ಲ ಸರ್. ನಿಮ್ಮ ಪೈಪ್ ಒಡೆದಾಗ ಯಾರಾದರೂ ನಿಮಗೆ ಹೀಗೆ ಕೇಳಿದ್ದರಾ?

ಮಿನಿವ್ಯಾನ್ ಅಮ್ಮ: ಟ್ಯಾಂಕ್ ಬಗ್ಗೆ ಇಷ್ಟು ಬರೆದಿರಿ, ಬೆಲ್ಟ್ ಬಗ್ಗೆ ಯಾರೂ ಉತ್ತರ ಕೊಡಲಿಲ್ಲ.

ಕೈಗೂಸಿನ ಅಮ್ಮ: ನನ್ನ ಕಷ್ಟ ಅಡುಗೆಯದು. ಒಳಗೆ ಒಗ್ಗರಣೆ ಹಾಕಿದರೆ ಸಾಕು, ಸ್ಮೋಕ್ ಅಲಾರಂ ಹೊಡೆದುಕೊಂಡು, ಮಲಗಿದ್ದ ಮಗು ಎದ್ದುಬಿಡುತ್ತಿತ್ತು. ಮೂರನೆಯ ದಿನದಿಂದ ಹೊರಗೆ ಮೇಜಿನ ಮೇಲೆ ಒಲೆ ಇಟ್ಟೆ.

ಟ್ರೇಲರ್ ನಮ್ಮದು: ಹೊರಗೆ ಮಾಡಿ, ಆದರೆ ಒಲೆ ಅಲ್ಲೇ ಬಿಟ್ಟು ಒಳಗೆ ಹೋಗಬೇಡಿ. ಒಲೆ, ಪಾತ್ರೆ, ಕೂಲರ್ ಯಾವುದನ್ನೂ ಹೊರಗೆ ಹಾಗೇ ಬಿಡುವ ಹಾಗಿಲ್ಲ, ಕರಡಿಗಾಗಿ ಇರುವ ನಿಯಮ.

ಕೈಗೂಸಿನ ಅಮ್ಮ: ಮಗು ಅತ್ತಿತು ಅಂತ ಐದು ನಿಮಿಷ ಒಳಗೆ ಹೋಗಿದ್ದೆ, ಅಷ್ಟರಲ್ಲಿ ರೇಂಜರ್ ಬಂದು ಬಾಗಿಲು ತಟ್ಟಿದರು. ಮಗು ಹೆಗಲ ಮೇಲೆ, ಕೈಯಲ್ಲಿ ಬಿಸಿ ಬಾಣಲೆ. ನಮ್ಮವರು ಡಂಪ್ ಸ್ಟೇಷನ್ (ಕೊಳಚೆ ಟ್ಯಾಂಕ್ ಖಾಲಿ ಮಾಡುವ ಜಾಗ) ಸಾಲಿನಲ್ಲಿ ನಿಂತಿದ್ದರು. ನಿಯಮ ಸರಿಯೇ ಇರಬಹುದು. ಆದರೆ ಆ ಹೊತ್ತಿಗೆ ಒಲೆ ಎತ್ತಿಡಲು ನನಗೆ ಇನ್ನೊಂದು ಕೈ ಎಲ್ಲಿತ್ತು ಹೇಳಿ.