ಕೇಪಿನ ರಿವಾಲ್ವರ್: ಮೊದಲ ಈಡು ತುಂಬುವ ಮುನ್ನ

ಪ್ರಶ್ನೆ (ಮಲೆನಾಡಿಗ, ಟೆಕ್ಸಾಸ್)

1858ರ ರೆಮಿಂಗ್ಟನ್ ಮಾದರಿಯಲ್ಲಿ ಇಟಲಿಯಲ್ಲಿ ತಯಾರಾದ .44 ರಿವಾಲ್ವರ್ ಒಂದನ್ನು ಕಳೆದ ತಿಂಗಳು ಕೊಂಡಿದ್ದೇನೆ. ಇನ್ನೂ ಒಂದು ಈಡನ್ನೂ ಹೊಡೆದಿಲ್ಲ. ಸಕಲೇಶಪುರದ ಕಡೆಯ ನಮ್ಮ ಮನೆಯಲ್ಲಿ ಅಜ್ಜನ ಕೇಪಿನ ಕೋವಿಯಿತ್ತು (ಬಡಿದಾಗ ಸಿಡಿದು ಮದ್ದಿಗೆ ಕಿಡಿ ಕೊಡುವ ಪುಟ್ಟ ತಾಮ್ರದ ಟೊಪ್ಪಿಯೇ ಕೇಪು); ನಳಿಗೆಗೆ ಮದ್ದು ಸುರಿದು, ತೆಂಗಿನ ನಾರು ತುರುಕಿ, ಗಜವೆಂಬ ಸರಳಿನಿಂದ ಜಡಿಯುವುದನ್ನು ನೋಡುತ್ತ ಬೆಳೆದವನು ನಾನು. ಅಷ್ಟು ತಿಳಿವಳಿಕೆ ಸಾಕೆಂದುಕೊಂಡಿದ್ದೆ. ಆದರೆ ಒಂದು ಈಡು ಹೊಡೆದಾಗ ತಿರುಗುವ ಚಕ್ರದಲ್ಲಿರುವ ಪಕ್ಕದ ಮದ್ದಿನ ಕೋಣೆಗಳಿಗೂ ಬೆಂಕಿ ಹತ್ತಬಹುದೆಂದು ರೇಂಜಿನಲ್ಲಿ ಹಿರಿಯರೊಬ್ಬರು ಹೇಳಿದ ಮೇಲೆ ಧೈರ್ಯ ಸಾಲುತ್ತಿಲ್ಲ. ಅನುಭವವಿರುವವರು ದಯವಿಟ್ಟು ತಿಳಿಸಬೇಕು.

ಉತ್ತರ 1 (ಹಳೆಗುರಿ)

ಅವರು ಹೇಳಿದ್ದು ನಿಜ. ಅಜ್ಜನ ಕೋವಿಯಲ್ಲಿ ಮದ್ದು ಇರುತ್ತಿದ್ದುದು ಒಂದೇ ಕಡೆ. ಇಲ್ಲಿ ಆರು ಕೋಣೆಗಳು ಒಂದಕ್ಕೊಂದು ಅಂಟಿಕೊಂಡಿವೆ, ಮತ್ತು ನಳಿಗೆಯ ಎದುರಿಗಿರುವುದು ಒಂದು ಮಾತ್ರ. ಕಿಡಿ ಮುಂದಿನಿಂದ ಗುಂಡಿನ ಪಕ್ಕದ ಸಂದಿಯಲ್ಲಿ ನುಗ್ಗಬಹುದು, ಹಿಂದಿನಿಂದ ಸಡಿಲವಾದ ಕೇಪಿನ ಮೂಲಕವೂ ನುಗ್ಗಬಹುದು. ಆದ್ದರಿಂದ ಗುಂಡು ಕೋಣೆಗಿಂತ ತುಸು ದಪ್ಪವಿರಬೇಕು: .44ಕ್ಕೆ ಸಾಮಾನ್ಯವಾಗಿ .451 ಅಥವಾ .454 ಅಂಗುಲದ ಮೆದು ಸೀಸದ ಗುಂಡು. ನಳಿಗೆಯಡಿಯ ಸನ್ನೆಕೋಲಿನಿಂದ ಗುಂಡನ್ನು ಒತ್ತಿದಾಗ ಕೋಣೆಯ ಬಾಯಲ್ಲಿ ಸೀಸದ ತೆಳುವಾದ ಉಂಗುರ ಸುತ್ತಲೂ ಕತ್ತರಿಸಿಕೊಂಡು ಬಂದರೆ ಗುಂಡು ಬಿಗಿಯಾಗಿ ಕೂತಿದೆ ಎಂದರ್ಥ. ಉಂಗುರ ಅರ್ಧಕ್ಕೇ ನಿಂತರೆ ನಾನು ಆ ಗುಂಡುಗಳನ್ನು ನಂಬುವುದಿಲ್ಲ. ಮದ್ದಿನ ಮೇಲೆ ಜಿಡ್ಡು ಹಚ್ಚಿದ ಉಣ್ಣೆಯ ಬಿಲ್ಲೆಯನ್ನಿಡಿ. ಕೇಪು ಕೈ ಅಲುಗಿಸಿದರೆ ಬೀಳುವಂತಿರಬಾರದು.

ಮದ್ದಿನ ಬಗ್ಗೆ ಒಂದು ಮಾತನ್ನು ಎಂದೂ ಮರೆಯಬೇಡಿ. ಕರಿಮದ್ದು ಅಥವಾ ಅದಕ್ಕೆ ಬದಲಿಯೆಂದೇ ಮಾರುವ ಪೈರೊಡೆಕ್ಸ್‌ನಂಥದ್ದನ್ನು ಮಾತ್ರ ಬಳಸಬೇಕು. ಇಂದಿನ ಹೊಗೆಯಿಲ್ಲದ ಮದ್ದನ್ನು ಚಿಟಿಕೆಯಷ್ಟು ಹಾಕಿದರೂ ಈ ರಿವಾಲ್ವರ್ ಕೈಯಲ್ಲೇ ಒಡೆಯಬಹುದು. ಡಬ್ಬಿಯಿಂದ ನೇರವಾಗಿ ಕೋಣೆಗೆ ಸುರಿಯಬಾರದು, ಏಕೆಂದರೆ ಒಳಗೆ ಕೆಂಡದ ಚೂರು ಉಳಿದಿದ್ದರೆ ಡಬ್ಬಿಯೇ ಸಿಡಿಯುತ್ತದೆ. ಮೊದಲು ಅಳತೆ ಕೊಳವೆಗೆ ಸುರಿದುಕೊಂಡು ಅದರಿಂದ ಹಾಕಿ. ತಯಾರಕರ ಕೈಪಿಡಿಯಲ್ಲಿರುವ ಕನಿಷ್ಠ ಪ್ರಮಾಣದಿಂದಲೇ ಆರಂಭಿಸಿ. ಮದ್ದು ಕಡಿಮೆಯಾದಾಗ ಗುಂಡು ತೀರಾ ಆಳಕ್ಕಿಳಿಯಬಾರದು, ಮದ್ದಿಗೂ ಗುಂಡಿಗೂ ನಡುವೆ ಖಾಲಿ ಜಾಗವೂ ಉಳಿಯಬಾರದೆಂದು ಇಲ್ಲಿಯವರು ಅಲ್ಲಿ ಕ್ರೀಮ್ ಆಫ್ ವೀಟ್ ತುಂಬುತ್ತಾರೆ. ಅದು ನಮ್ಮ ರವೆಯೇ.

ಉತ್ತರ 2 (ಎರಡನೆಯ ಕೋಣೆ)

ನನ್ನ ಅನುಭವದ ಎರಡು ಸಂಗತಿಗಳು. ಒಡೆದ ಕೇಪಿನ ತಾಮ್ರದ ಚೂರು ಕುದುರೆಯ (ಕೇಪಿಗೆ ಬಡಿಯುವ ಸುತ್ತಿಗೆಯಂಥ ಭಾಗ) ಕೆಳಗೆ ಬಿದ್ದು ಚಕ್ರ ಸಿಕ್ಕಿಕೊಳ್ಳುವುದು ಪದೇ ಪದೇ ಆಗುತ್ತದೆ. ಒಮ್ಮೆ ಅದನ್ನು ಬಿಡಿಸುವ ಅವಸರದಲ್ಲಿ ನಳಿಗೆಯನ್ನು ನನ್ನ ಪಾದದ ಕಡೆಗೆ ತಿರುಗಿಸಿಬಿಟ್ಟೆ; ಪಕ್ಕದಲ್ಲಿದ್ದ ರೇಂಜ್ ಅಧಿಕಾರಿ ಒಂದು ಮಾತೂ ಆಡದೆ ನನ್ನ ಮಣಿಕಟ್ಟು ಹಿಡಿದು ಗುರಿಹಲಗೆಯ ಕಡೆಗೆ ತಿರುಗಿಸಿದರು. ಇನ್ನೂ ಮೂರು ಕೋಣೆಗಳಲ್ಲಿ ಈಡಿತ್ತು. ಎರಡನೆಯದಾಗಿ, ಕೇಪು ಸಿಡಿದು ಈಡು ಹೋಗದಿದ್ದರೆ ನಳಿಗೆಯನ್ನು ಗುರಿಯತ್ತಲೇ ಹಿಡಿದು ಕನಿಷ್ಠ ಒಂದು ನಿಮಿಷ ಕಾಯಬೇಕು, ತಡವಾಗಿ ಹೊತ್ತಿಕೊಳ್ಳುವುದುಂಟು.

ಆರರಲ್ಲಿ ಐದನ್ನೇ ತುಂಬಿ, ಕುದುರೆಯನ್ನು ಖಾಲಿ ಕೋಣೆಯ ಮೇಲೆ ಇಳಿಸಿ. ಕನ್ನಡಕ ಮತ್ತು ಕಿವಿಮುಚ್ಚುಗವಿಲ್ಲದೆ ನಿಲ್ಲಬೇಡಿ. ಕರಿಮದ್ದಿನ ಮಸಿ ತೇವವನ್ನು ಹೀರಿ ಕಬ್ಬಿಣವನ್ನು ಬೇಗ ತಿನ್ನುವುದರಿಂದ ಅದೇ ಸಂಜೆ ಬಿಸಿನೀರು ಮತ್ತು ಸಾಬೂನಿನಿಂದ ತೊಳೆದು, ಚೆನ್ನಾಗಿ ಒಣಗಿಸಿ, ಎಣ್ಣೆ ಹಚ್ಚಬೇಕು.

ಉತ್ತರ 3 (ಕಾಯಿದೆಪುಸ್ತಕ)

ಅಮೆರಿಕದ ಕೇಂದ್ರ ಕಾನೂನಾದ 1968ರ ಗನ್ ಕಂಟ್ರೋಲ್ ಆ್ಯಕ್ಟ್ ಇಂಥ ಕೇಪಿನ ಪ್ರತಿಕೃತಿಗಳನ್ನು ಪ್ರಾಚೀನ ಆಯುಧವೆಂದು ಪರಿಗಣಿಸುತ್ತದೆ ಎಂಬುದನ್ನು ಕೇಳಿ ನಮ್ಮವರು ಎಲ್ಲೆಡೆ ನಿರ್ಬಂಧವಿಲ್ಲವೆಂದು ತಿಳಿಯುತ್ತಾರೆ. ರಾಜ್ಯಗಳ ಕಾನೂನು ಬೇರೆ. ನ್ಯೂಜೆರ್ಸಿಯಂಥ ಕಡೆ ಬಹಳ ಬಿಗಿಯಿದೆ. ಎಚ್‌-1ಬಿ ವೀಸಾದಲ್ಲಿರುವವರು ಕೊಳ್ಳುವ ಮೊದಲೇ ವಕೀಲರನ್ನು ವಿಚಾರಿಸುವುದು ಒಳ್ಳೆಯದು.

ಮಲೆನಾಡಿಗ

ಎಲ್ಲರಿಗೂ ಕೃತಜ್ಞತೆಗಳು. ಚಿರೋಟಿ ರವೆಯೋ, ಉಪ್ಪಿಟ್ಟಿನ ರವೆಯೋ?

ಹಳೆಗುರಿ

ಯಾವುದಾದರೂ ಸರಿ, ಒಣಗಿರಬೇಕು. ಆದರೆ ಗುಂಡು ಕೋಣೆಯ ಬಾಯಿಂದ ಹೊರಗೆ ಉಳಿಯುವಷ್ಟು ತುಂಬಬೇಡಿ, ಚಕ್ರ ತಿರುಗುವುದಿಲ್ಲ.