ಕೇಂದ್ರ ಸಹಿ ಹಾಕಿದ ಒಪ್ಪಂದ ನಮ್ಮ ಕಾನೂನನ್ನು, ಸಂವಿಧಾನವನ್ನು ಮೀರಬಹುದೇ?

ಮಲೆನಾಡಿಗ:
ಕೃಷಿ, ರಾಜ್ಯಗಳು ಕಾನೂನು ಮಾಡುವ ವಿಷಯಗಳಿರುವ ಸಂವಿಧಾನದ ರಾಜ್ಯಪಟ್ಟಿಯ 14ನೇ ನಮೂದು. ಕೇಂದ್ರ ಸರ್ಕಾರ ಕೃಷಿ ಕುರಿತು ಹೊರದೇಶದ ಜೊತೆ ಒಪ್ಪಂದ ಮಾಡಿಕೊಂಡರೆ ನಮ್ಮ ವಿಧಾನಮಂಡಲದ ಕಾನೂನು ಬಿದ್ದುಹೋಗುತ್ತದೆಯೇ? ಹೋಗಲಿ, ಸಂವಿಧಾನಕ್ಕಾದರೂ ರಕ್ಷಣೆ ಇದೆಯೇ?

ವಕೀಲ_ಧಾರವಾಡ:
ಬರೀ ಸಹಿಯಿಂದ ಯಾವ ಕಾನೂನೂ ಬೀಳುವುದಿಲ್ಲ. ಸಹಿ ಹಾಕುವುದು ಕಾರ್ಯಾಂಗದ ಅಧಿಕಾರ, ಅದಕ್ಕೆ ಸಂಸತ್ತಿನ ಒಪ್ಪಿಗೆ ಕಡ್ಡಾಯವಿಲ್ಲ. ಆದರೆ ನಾಗರಿಕರ ಹಕ್ಕು ಬದಲಾಗಬೇಕಾದರೆ ಕಾನೂನು ಬೇಕೇ ಬೇಕು. ಜಾಲಿ ಜಾರ್ಜ್ ವರ್ಗೀಸ್ ಪ್ರಕರಣ (1980) ಓದಿ. ಸಾಲ ತೀರಿಸಲಾಗದವರನ್ನು ಅಷ್ಟಕ್ಕೇ ಜೈಲಿಗೆ ಹಾಕಬಾರದು ಎನ್ನುವ ಅಂತರರಾಷ್ಟ್ರೀಯ ಒಡಂಬಡಿಕೆಯನ್ನು ಸುಪ್ರೀಂ ಕೋರ್ಟ್ ನೇರವಾಗಿ ಜಾರಿ ಮಾಡಲಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 51ನೇ ಸೆಕ್ಷನ್ ಅನ್ನೇ ಅದಕ್ಕೆ ಹೊಂದುವಂತೆ ಅರ್ಥೈಸಿತು.

ನೀವು ನಿಜಕ್ಕೂ ಗಮನಿಸಬೇಕಾದದ್ದು 253ನೇ ವಿಧಿ. ಒಪ್ಪಂದ ಜಾರಿಗಾಗಿ ಸಂಸತ್ತು ರಾಜ್ಯಪಟ್ಟಿಯ ವಿಷಯದಲ್ಲೂ, ರಾಜ್ಯಗಳನ್ನು ಕೇಳದೆಯೇ, ಕಾನೂನು ಮಾಡಬಹುದು. 1972ರ ಸ್ಟಾಕ್‌ಹೋಮ್ ಸಮ್ಮೇಳನದ ನಿರ್ಣಯಗಳನ್ನು ಆಧರಿಸಿ 1986ರ ಪರಿಸರ ಸಂರಕ್ಷಣಾ ಕಾಯ್ದೆ ಬಂದದ್ದು ಹೀಗೆ. ಆಗ ರಾಜ್ಯದ ಕಾನೂನು ಮಣಿಯುವುದು ಸಂಸತ್ತಿನ ಕಾಯ್ದೆಗೆ. ಆ ಕಾಯ್ದೆಯೂ ಮೂಲಭೂತ ಹಕ್ಕುಗಳಿಗೆ ವಿರುದ್ಧವಾದರೆ 13ನೇ ವಿಧಿಯಡಿ ರದ್ದಾಗುತ್ತದೆ. ರಾಜ್ಯಗಳ ಜೊತೆ ಸಮಾಲೋಚನೆ ಕಡ್ಡಾಯ ಮಾಡದಿರುವುದು ನನ್ನ ದೃಷ್ಟಿಯಲ್ಲಿ ದೊಡ್ಡ ಕೊರತೆ.

ಗಡಿರೇಖೆ:
ನೆಲದ ವಿಷಯದಲ್ಲಿ ಇನ್ನೂ ಬಿಗಿ. 1958ರ ನೆಹರು–ನೂನ್ ಒಪ್ಪಂದದ ಪ್ರಕಾರ ಪಶ್ಚಿಮ ಬಂಗಾಳದ ಬೇರುಬಾರಿಯ ಭಾಗವನ್ನು ಪಾಕಿಸ್ತಾನಕ್ಕೆ ಕೊಡಲು ಸಂವಿಧಾನ ತಿದ್ದುಪಡಿ ಆಗಲೇಬೇಕು ಎಂದು 1960ರಲ್ಲಿ ಕೋರ್ಟ್ ಅಭಿಪ್ರಾಯ ಕೊಟ್ಟಿತು. 9ನೇ ತಿದ್ದುಪಡಿ ಬಂತು. ಬಾಂಗ್ಲಾದೇಶದ ಜೊತೆಗಿನ 1974ರ ಗಡಿ ಒಪ್ಪಂದ ಜಾರಿಯಾಗಲು 2015ರ 100ನೇ ತಿದ್ದುಪಡಿವರೆಗೆ ಕಾಯಬೇಕಾಯಿತು. ಆದರೆ ಇದ್ದ ಗಡಿ ಎಲ್ಲಿದೆ ಎಂದು ಗುರುತಿಸುವುದಷ್ಟೇ ಆದರೆ ತಿದ್ದುಪಡಿ ಬೇಡ: ಪಾಕಿಸ್ತಾನದ ಜೊತೆಗಿನ ಗಡಿಯ ಕುರಿತ ಕಛ್‌ನ ರಣ್ ಪ್ರಕರಣ, 1969.

ಮಲೆನಾಡಿಗ:
ಸರಿ, ನಮ್ಮ ಕಾನೂನು ಅಡ್ಡಬಂತು ಎಂದು ಹೇಳಿ ದೇಶ ತಪ್ಪಿಸಿಕೊಳ್ಳಬಹುದೇ?

ವಕೀಲ_ಧಾರವಾಡ:
ಇಲ್ಲ. ದೇಶಗಳ ನಡುವಿನ ಒಪ್ಪಂದಗಳ ನಿಯಮಗಳನ್ನು ಹೇಳುವ ವಿಯೆನ್ನಾ ಒಡಂಬಡಿಕೆಯ 27ನೇ ವಿಧಿ ಆ ನೆಪವನ್ನು ಒಪ್ಪುವುದಿಲ್ಲ. ಹೊರಗೆ ಹೊಣೆ ಉಳಿಯುತ್ತದೆ, ಒಳಗೆ ಕಾನೂನು ನಡೆಯುತ್ತದೆ. ಅಮೆರಿಕದ ಮೆಡೆಯಿನ್ ಪ್ರಕರಣದಲ್ಲಿ (2008) ಮೆಕ್ಸಿಕೋ ಪ್ರಜೆಯೊಬ್ಬನ ಶಿಕ್ಷೆಯನ್ನು ಮರುಪರಿಶೀಲಿಸಬೇಕೆಂಬ ಅಂತರರಾಷ್ಟ್ರೀಯ ನ್ಯಾಯಾಲಯದ ತೀರ್ಪು ಟೆಕ್ಸಸ್ ರಾಜ್ಯವನ್ನು ಕಟ್ಟಿಹಾಕಲಿಲ್ಲ, ಅವನ ಮರಣದಂಡನೆ ಜಾರಿಯಾಯಿತು. ನೆದರ್ಲೆಂಡ್ಸ್‌ನಲ್ಲಿ ತದ್ವಿರುದ್ಧ: ಸಂವಿಧಾನದ 94ನೇ ವಿಧಿಯಂತೆ, ಎಲ್ಲರಿಗೂ ನೇರವಾಗಿ ಅನ್ವಯಿಸುವ ಒಪ್ಪಂದಕ್ಕೆ ವಿರುದ್ಧವಾದ ದೇಶೀ ಕಾನೂನು ಅನ್ವಯಿಸುವುದಿಲ್ಲ.

ತೆರಿಗೆ_ಮಿತ್ರ:
ಒಪ್ಪಂದವೇ ಗೆಲ್ಲುವ ಒಂದು ಜಾಗ ನಮ್ಮಲ್ಲೂ ಇದೆ, ತೆರಿಗೆ. 1961ರ ಆದಾಯ ತೆರಿಗೆ ಕಾಯ್ದೆಯ 90(2) ಸೆಕ್ಷನ್, ಕಾಯ್ದೆ ಮತ್ತು ಬೇರೆ ದೇಶದ ಜೊತೆಗಿನ ತೆರಿಗೆ ಒಪ್ಪಂದ ಎರಡರಲ್ಲಿ ತೆರಿಗೆದಾರರಿಗೆ ಅನುಕೂಲವಾದದ್ದನ್ನು ಆಯ್ದುಕೊಳ್ಳಲು ಬಿಟ್ಟಿತು. ಆ ಬಲ ಬಂದದ್ದೂ ಸಂಸತ್ತಿನ ಕಾಯ್ದೆಯಿಂದಲೇ. ಸರ್ಕಾರದ ಅಧಿಸೂಚನೆ ಇಲ್ಲದೆ ಒಪ್ಪಂದದ ರಿಯಾಯಿತಿ ತಾನಾಗಿ ಸಿಗದು ಎಂದು ಸುಪ್ರೀಂ ಕೋರ್ಟಿನ 2023ರ ನೆಸ್ಲೆ ತೀರ್ಪು ಹೇಳಿದೆ.

ಅಮೆರಿಕದಲ್ಲಿರುವ ಕನ್ನಡಿಗರು ಗಮನಿಸಿ: ಎನ್‌ಆರ್‌ಒ (ಅನಿವಾಸಿಗಳು ಭಾರತದಲ್ಲಿನ ತಮ್ಮ ಆದಾಯಕ್ಕೆ ಇಟ್ಟುಕೊಳ್ಳುವ ಖಾತೆ) ಠೇವಣಿಯ ಬಡ್ಡಿಗೆ ಇಲ್ಲಿ ಶೇ 30ರ ಟಿಡಿಎಸ್ (ಮೂಲದಲ್ಲೇ ತೆರಿಗೆ ಕಡಿತ), ಮೇಲೆ ಸೆಸ್. ಭಾರತ–ಅಮೆರಿಕ ತೆರಿಗೆ ಒಪ್ಪಂದದಡಿ ಶೇ 15. ಅದು ಸಿಗಬೇಕಾದರೆ ಅಮೆರಿಕದ ತೆರಿಗೆ ಇಲಾಖೆಗೆ ಫಾರ್ಮ್ 8802 ಹಾಕಿ, ಅವರು ಕೊಡುವ 6166 ನಿವಾಸ ಪ್ರಮಾಣಪತ್ರವನ್ನು ಬಡ್ಡಿ ಜಮೆಯಾಗುವ ಮೊದಲೇ ಬ್ಯಾಂಕಿಗೆ ತಲುಪಿಸಿ. ತಡವಾದರೆ ಪೂರ್ತಿ ದರದಲ್ಲೇ ಕಡಿತ, ಆಮೇಲೆ ಇಲ್ಲಿ ರಿಟರ್ನ್ ಸಲ್ಲಿಸಿ ಮರುಪಾವತಿ ಕೇಳಬೇಕು.